ಗಾಳಿ ಬಾರದ ಕೊಳವೆ

ಬೆಂಕಿ ಆರಿದ ಮೇಲೆ ನನಗೆ ಮೊದಲು ಕಂಡದ್ದು ಗೊಂಬೆಯಕ್ಕನ ಕೈಗಳು.

ಅವಳು ಲೇಸರ್ ಕೋಣೆಯ ಹೊಸ್ತಿಲಲ್ಲಿ ಕುಸಿದು ಕೂತಿದ್ದಳು. ಎರಡೂ ಅಂಗೈಗಳನ್ನು ಮೇಲೆ ಮಾಡಿ ಮೊಣಕಾಲ ಮೇಲಿಟ್ಟುಕೊಂಡಿದ್ದಳು. ಬೆರಳುಗಳ ಚರ್ಮ ಸುಲಿದು ಬಂದಿತ್ತು. ಅವಳು ಅಳುತ್ತಿರಲಿಲ್ಲ. ಒಂದೇ ಮಾತು ಕೇಳುತ್ತಿದ್ದಳು.

“ಮೀನಾಗೆ ಏನಾಯ್ತು? ಕೀಲಿಯಪ್ಪಣ್ಣ, ನನ್ನ ಮೀನಾಗೆ ಏನಾಯ್ತು?”

ಮೀನಾ ಅವಳ ಒಂಬತ್ತು ವರ್ಷದ ಮಗಳು. ಮಗುವಿಗೆ ಏನೂ ಆಗಿರಲಿಲ್ಲ. ಆ ಹೊತ್ತಿಗೆ ಅದು ತರಗತಿಯಲ್ಲಿ ಕೂತು ಮಗ್ಗಿ ಬರೆಯುತ್ತಿತ್ತು. ಆದರೆ ಇದು ನಮಗೆ ತಿಳಿದದ್ದು ಅರ್ಧ ಗಂಟೆಯ ನಂತರ, ಆಸ್ಪತ್ರೆಯ ಬಾಗಿಲಲ್ಲಿ.

ನಮ್ಮದು ಹತ್ತಾರು ಮಂದಿ ಸೇರಿ ನಡೆಸುವ ಕಾರ್ಯಾಗಾರ. ಮರಗೆಲಸದವರು, ಬೋರ್ಡ್ ಮಾಡುವವರು, ಗೊಂಬೆ ಮಾಡುವವರು — ಒಬ್ಬೊಬ್ಬರಿಗೂ ಬೇರೆ ಬೇರೆ ಯಂತ್ರ ಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ ಯಂತ್ರ ಒಂದೇ, ಸರದಿ ಹಲವು. ಬೀಗದ ಗೊಂಚಲು, ಸರದಿಯ ಪುಸ್ತಕ, ಟೆಲಿಫೋನು ನನ್ನ ಉಸ್ತುವಾರಿ. ಅದಕ್ಕೇ ನಾನು ಕೀಲಿಯಪ್ಪ. ಗೊಂಬೆಯಕ್ಕ ನನಗಿಂತ ಹದಿನೈದು ವರ್ಷ ಚಿಕ್ಕವಳು. ಆದರೂ ಎಲ್ಲರಿಗೂ ಅಕ್ಕ, ನನಗೂ ಅಕ್ಕ. ಲೇಸರ್ ಕಟರ್ ಬಂದಾಗ ಅದನ್ನು ಮೊದಲು ಕಲಿತವಳು ಅವಳು. ಉಳಿದವರಿಗೆ ಕಲಿಸಿದವಳೂ ಅವಳೇ. ಕೋಣೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಳು — ಯಂತ್ರ ಓಡುವಾಗ ಬಿಟ್ಟು ಹೋಗಬೇಡಿ.

ಬುಧವಾರ ಬೆಳಿಗ್ಗೆ ಹತ್ತೂ ಹತ್ತಕ್ಕೆ ಅವಳೇ ಬಿಟ್ಟು ಹೋದಳು. ಕರೆದವನು ನಾನು.

ನನ್ನ ಕಚೇರಿಯ ಫೋನು ಹೊಡೆದುಕೊಂಡಿತು. ಗಂಡಸಿನ ದನಿ. ಬಟ್ಟೆಯೊಳಗಿಂದ ಬಂದಂತೆ ಮಂಕಾಗಿತ್ತು. ಮಗು ಬಿದ್ದಿದೆ, ತಾಯಿಯನ್ನು ಕರೆಯಿರಿ ಎಂದಿತು. ನಾನು ಓಡಿದೆ. ಅವಳು ತೆಳು ಪ್ಲೈವುಡ್ಡಿನಲ್ಲಿ ಗೊಂಬೆಗಾಡಿಯ ಚಕ್ರ ಕತ್ತರಿಸುತ್ತಿದ್ದಳು. ನನ್ನ ಮಾತು ಕೇಳಿ ಒಮ್ಮೆ ಯಂತ್ರ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಓಡಿಬಿಟ್ಟಳು. ಯಂತ್ರ ನಿಲ್ಲಿಸುವ ಕೆಂಪು ಗುಂಡಿ ನನ್ನ ಕೈಗೆ ಒಂದು ಮೊಳ ದೂರದಲ್ಲಿತ್ತು. ನಾನೂ ಒತ್ತಲಿಲ್ಲ. ನಾನೂ ಅವಳ ಹಿಂದೆ ಓಡಿದೆ.

ಫೋನಿನಲ್ಲಿ ಅವಳಿಗೆ ಕೇಳಿಸಿದ್ದು ಇಷ್ಟೇ: “ಒಂದ್ನಿಮಿಷ ಇರಿ, ಡಾಕ್ಟರ್ ಮಾತಾಡ್ತಾರೆ.” ಆಮೇಲೆ ಮೌನ. ಒಂದು ನಿಮಿಷ. ಎರಡು ನಿಮಿಷ. ಮೂರನೆಯದಕ್ಕೆ ಹೊಗೆಯ ವಾಸನೆ ಬಂತು.

ಅವಳು ರಿಸೀವರ್ ಬಿಸಾಕಿ ವಾಪಸು ಓಡಿದಳು. ಒಳಗೆ ಉರಿಯುತ್ತಿದ್ದ ಯಂತ್ರದ ಮುಚ್ಚಳ ಎತ್ತಿದಳು. ಗಾಳಿ ಸಿಕ್ಕಿದ್ದೇ ತಡ, ಜ್ವಾಲೆ ಭಗ್ಗೆಂದು ಮೇಲೆದ್ದಿತು. ನಾನು ಗೋಡೆಯ ಕೆಂಪು ಸಿಲಿಂಡರು ಕಿತ್ತು ಪುಡಿ ಸಿಂಪಡಿಸಿದೆ. ಅಷ್ಟರಲ್ಲಿ ಲಿಫ್ಟ್ ಮೇಸ್ತ್ರಿ ಹೊರಗಿನಿಂದ ಓಡಿ ಬಂದ, ಮೇನ್ ಸ್ವಿಚ್ ಇಳಿಸಿದ, ಎರಡು ಬಕೆಟ್ ನೀರು ತಂದು ಸುರಿದ. ಎಲ್ಲರೂ ಅವನ ಬೆನ್ನು ತಟ್ಟಿದರು. ಅಗ್ನಿಶಾಮಕದವರು ಬಂದು ನೋಡಿ, ‘ಆಕಸ್ಮಿಕ’ ಎಂದು ಬರೆದುಕೊಂಡು ಹೋದರು.

ಗುರುವಾರ ಬೆಳಿಗ್ಗೆ ಲೆನ್ಸಮ್ಮ ಬಂದಳು.

ಅವಳು ಬರುವುದು ಬೆಂಕಿಗಿಂತ ಮುಂಚೆಯೇ ಗೊತ್ತಾಗಿತ್ತು. ಒಂದು ತಿಂಗಳಿಂದ ಲೇಸರಿನ ಲೆನ್ಸಿಗೆ ಜಿಡ್ಡು ಜಿಡ್ಡಾದ ಕರಿ ಮಸಿ ಹಿಡಿಯುತ್ತಿತ್ತು. ಮರ ಕತ್ತರಿಸಿದರೆ ಅಂಥ ಮಸಿ ಬರುವುದಿಲ್ಲ, ಯಾರೋ ಬೇರೇನೋ ಕತ್ತರಿಸುತ್ತಿದ್ದಾರೆ ಎಂದು ಗೊಂಬೆಯಕ್ಕ ಹಟ ಹಿಡಿದಿದ್ದಳು. ಅದಕ್ಕೇ ಸೋಮವಾರ ನಾನು ಹಲಗೆಯ ಮೇಲೆ ಬರೆದಿದ್ದೆ: ‘ಗುರುವಾರ ಲೆನ್ಸಮ್ಮ ಬರುತ್ತಾರೆ. ಯಂತ್ರದ ಮೆಮೊರಿಯಲ್ಲಿರುವ ಎಲ್ಲರ ಕೆಲಸವನ್ನೂ ತೆಗೆದು ನೋಡುತ್ತಾರೆ.’

ಅರವತ್ತರ ಹೆಂಗಸು. ಗಿಡ್ಡ ಕೂದಲು, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ, ಹೆಗಲಿಗೆ ಸಲಕರಣೆಯ ಚೀಲ. ಮೂವತ್ತು ವರ್ಷದಿಂದ ಯಂತ್ರಗಳ ಹೊಟ್ಟೆ ಬಗೆದು ನೋಡುತ್ತಿರುವವಳು.

“ಮೂರು ಗಂಟೆಗೆ ಸಭೆ ಇದೆ” ಎಂದೆ. “ಗೊಂಬೆಯಕ್ಕನ್ನ ಸದಸ್ಯತ್ವದಿಂದ ತೆಗೀಬೇಕು ಅಂತಿದಾರೆ. ಯಂತ್ರ ಬಿಟ್ಟು ಹೋಗಿದ್ದು ಅವಳೇ ಅಲ್ವಾ ಅಂತ.”

“ಅವಳು ಎಲ್ಲಿದಾಳೆ?”

“ದೊಡ್ಡಾಸ್ಪತ್ರೇಲಿ. ನಾಲ್ಕು ಗಂಟೆಗೆ ಮೂರನೇ ಮಹಡೀಲಿ ಆಪರೇಷನ್. ಬೆರಳು ಮಡಚೋಕೆ ಬರುತ್ತೋ ಇಲ್ವೋ, ಆಮೇಲೆ ಹೇಳ್ತಾರಂತೆ.”

ಲೆನ್ಸಮ್ಮ ಕೋಣೆಯ ಬಾಗಿಲು ತಳ್ಳಿದಳು. ಸುಟ್ಟ ವಾಸನೆ ಇನ್ನೂ ಮೂಗಿಗೆ ರಪ್ಪೆಂದು ಹೊಡೆಯುತ್ತಿತ್ತು. ಯಂತ್ರದ ಗಾಜು ಬಿರುಕು ಬಿಟ್ಟಿತ್ತು. ಮುಂಭಾಗವೆಲ್ಲ ಕಪ್ಪು. ಹಿಂಬದಿಯ ಪೆಟ್ಟಿಗೆಗೆ ಬೆಂಕಿ ತಾಕಿರಲಿಲ್ಲ, ಆದರೆ ಅದರ ಮುಚ್ಚಳ ತೆರೆದು ಒಳಗೆಲ್ಲ ನೀರು ನಿಂತಿತ್ತು. ಅವಳು ಮಂಡಿಯೂರಿ ಕೂತು ಕೇಳಿದಳು:

“ಕತ್ತರಿಸೋ ಜಾಗಕ್ಕೆ ಗಾಳಿ ಊದೋ ಪಂಪು ಓಡ್ತಿತ್ತಾ?”

“ಓಡ್ತಿತ್ತು. ಗುಂಯ್ ಅಂತ ಸದ್ದು ನಾನೇ ಕೇಳಿದೀನಿ.”

“ಸದ್ದು ಕೇಳಿದೀರಿ. ಗಾಳಿ ನೋಡಿದೀರಾ?”

ಆ ಪಂಪು ಯಂತ್ರದ ಹೊರಗಿತ್ತು, ಸುಟ್ಟಿರಲಿಲ್ಲ. ಪಕ್ಕದ ಕೋಣೆಯಿಂದ ಕರೆಂಟು ಎಳೆದು ಅವಳು ಅದನ್ನು ಓಡಿಸಿದಳು. ಗುಂಯ್! ಲೇಸರಿನ ಮೂತಿಯ ಕೆಳಗೆ ತೆಳು ಕಾಗದದ ಚೂರು ಹಿಡಿದಳು. ಮರ ಕತ್ತರಿಸುವಾಗ ಈ ಮೂತಿಯಿಂದ ಗಾಳಿ ಜೋರಾಗಿ ಬೀಸಿ ಕಿಡಿಯನ್ನು ಆರಿಸುತ್ತಲೇ ಇರಬೇಕು. ಕಾಗದ ಅಲುಗಲಿಲ್ಲ.

ಅವಳು ಮೂತಿ ಬಿಚ್ಚಿದಳು, ಕೊಳವೆ ಕಳಚಿದಳು, ಉದ್ದನೆಯ ಚಿಮಟ ಒಳಗೆ ತೂರಿಸಿ ಏನನ್ನೋ ಎಳೆದಳು. ಸುರುಳಿ ಸುತ್ತಿದ ಸಣ್ಣ ತುಂಡು. ಒಂದು ತುದಿ ಕರಗಿ ಕಪ್ಪಾಗಿತ್ತು. ನಾನು ಬಗ್ಗಿ ನೋಡುವಷ್ಟರಲ್ಲಿ ಅದನ್ನು ಡಬ್ಬಿಗೆ ಹಾಕಿ ಮುಚ್ಚಿದಳು.

“ಏನದು?”

“ಗಾಳಿ ಬರದೇ ಇರೋದಕ್ಕೆ ಕಾರಣ.”

ಆಮೇಲೆ ಮರದ ಹಾಳೆ ಇಡುವ ಜೇನುಗೂಡಿನಂಥ ಹಾಸನ್ನು ಎತ್ತಿ, ಕೆಳಗಿನ ತಟ್ಟೆಯನ್ನು ಹೊರಗೆಳೆದಳು. ಬೂದಿಯ ನಡುವೆ ಅರೆಬೆಂದ ಮರದ ಹೆರೆ — ಹತ್ತು ಹಿಡಿಯಾದರೂ ಇತ್ತು.

“ಈ ತಟ್ಟೆ ಯಾವಾಗ ಕ್ಲೀನ್ ಮಾಡ್ತಾಳೆ ಅವಳು?”

“ಪ್ರತಿ ಸಂಜೆ. ಮಂಗಳವಾರಾನೂ ಮಾಡಿದ್ಲು, ನನ್ನ ಕಣ್ಣೆದುರೇ.”

“ಹಾಗಾದ್ರೆ ಇದು ಬುಧವಾರ ಬೆಳಿಗ್ಗೆ ಬಂದಿರೋದು. ಲೇಸರ್ ಕತ್ತರಿಸಿದ್ರೆ ಹೆರೆ ಬೀಳಲ್ಲ.” ಅವಳು ತಲೆ ಎತ್ತಿದಳು. “ಕೀಲಿಯಪ್ಪನೋರೆ, ಇದು ಹತ್ತಿಕೊಂಡ ಬೆಂಕಿಯಲ್ಲ. ಹಚ್ಚಿದ ಬೆಂಕಿ.”

ಹಚ್ಚಿದವನು ನಮ್ಮಲ್ಲೇ ಒಬ್ಬ. ಪಕ್ಕದ ಕೋಣೆಗಳಲ್ಲಿ ಎಂದಿನಂತೆ ಗರಗಸ ಕೊರೆಯುತ್ತಿತ್ತು, ಸುತ್ತಿಗೆ ಬಡಿಯುತ್ತಿತ್ತು. ಆ ಸದ್ದುಗಳಲ್ಲಿ ಯಾವುದು ಅವನದು?

“ಬುಧವಾರ ಅವಳಿಗಿಂತ ಮುಂಚೆ ಈ ಕೋಣೆಗೆ ಯಾರ್ಯಾರು ಬಂದಿದ್ರು?”

ಬುಧವಾರ ಬಂದ ಫೋನಿನ ವಿಷಯವನ್ನೂ ಅವಳಿಗೆ ಹೇಳಿ, ಪುಸ್ತಕ ತೆಗೆದೆ. ಎಂಟರಿಂದ ಹತ್ತರೊಳಗೆ ಮೂವರು ಕೀಲಿ ತೆಗೆದುಕೊಂಡಿದ್ದರು. ಬೋರ್ಡಣ್ಣ, ಮೇಷ್ಟ್ರು, ಲಿಫ್ಟ್ ಮೇಸ್ತ್ರಿ.

“ಒಬ್ಬೊಬ್ಬರನ್ನೇ ಕಳಿಸಿ. ನೀವೂ ಕೂತಿರಿ.”

ಬೋರ್ಡಣ್ಣ ಅಂಗಡಿಗಳಿಗೆ ಹೆಸರಿನ ಬೋರ್ಡು ಮಾಡುವವನು. ಎಂಟು ವರ್ಷದಿಂದ ಇಲ್ಲಿದ್ದಾನೆ. ಕಂಠ ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು.

“ನನ್ನನ್ನೇನು ಕೇಳ್ತೀರಿ? ಊರಿಗೆಲ್ಲ ಪಾಠ ಹೇಳಿದವಳು ತಾನೇ ಮರೆತ್ಲು. ನನ್ನ ಇಪ್ಪತ್ತು ಬೋರ್ಡ್ ನಿಂತು ಹೋಗಿದೆ.”

“ಅವಳ ಜೊತೆ ಜಗಳ ಇತ್ತಂತೆ?”

“ಇತ್ತು. ಸರದಿಗೆ ಜಗಳ. ಅದಕ್ಕೆ ಬೆಂಕಿ ಇಡ್ತಾರಾ ಯಾರಾದ್ರೂ?”

“ಫೋನ್ ಬಂದಾಗ ಎಲ್ಲಿದ್ರಿ?”

“ಇವರ ಮುಂದೇನೇ! ಕೇಳಿ ಬೇಕಾದ್ರೆ.” ನಿಜ. ಫೋನು ಬಡಿದಾಗ ಅವನು ನನ್ನ ಮೇಜಿನ ಮೇಲೆ ಕೈ ಕುಟ್ಟಿ ಕೂಗಾಡುತ್ತಿದ್ದ.

“ಸರಿ. ಅವಳ ಮಗಳ ಹೆಸರೇನು?”

ಬೋರ್ಡಣ್ಣ ಕಣ್ಣು ಪಿಳುಕಿಸಿದ. ಆಮೇಲೆ ಮಗುವಿನ ನಾಲ್ಕಕ್ಷರದ ಹೆಸರು ಹೇಳಿದ. “ಓದೋ ಮೇಜಿಗೆ ಹೆಸರಿನ ಫಲಕ ಬೇಕು ಅಂತ ಹಟ ಮಾಡಿತ್ತು. ನಾನೇ ಮಾಡಿಕೊಟ್ಟೆ.” ದನಿ ಯಾಕೋ ಮೆತ್ತಗಾಗಿತ್ತು.

ಮೇಷ್ಟ್ರು ಬಂದರು. ನಿವೃತ್ತರು. ಶಾಲೆಗಳಿಗೆ ಗಣಿತದ ಮಾದರಿಗಳನ್ನು ಮಾಡಿಕೊಡುತ್ತಾರೆ. ಎರಡು ವರ್ಷದಿಂದ ಅವರ ಜಾಗ ಕಿಟಕಿಯ ಪಕ್ಕದ್ದು.

“ಎಂಟೂವರೆಗೆ ಒಂದು ಶಂಕು ಕತ್ತರಿಸಿಕೊಂಡು ಹೋದೆ. ಆಗ ಗಾಳಿ ಚೆನ್ನಾಗೇ ಬರ್ತಿತ್ತಮ್ಮ. ಅಂಚು ಸುಟ್ಟು ಕರಿಯಾಗಿಲ್ಲ, ನೋಡಿ.” ಕೈಯಲ್ಲೇ ತಂದಿದ್ದರು.

“ಮಗಳ ಹೆಸರು?”

ಅವರು ಅದೇ ನಾಲ್ಕಕ್ಷರದ ಹೆಸರು ಹೇಳಿ ನಕ್ಕರು. “ನಮ್ಮ ಸ್ಕೂಲಲ್ಲೇ ಇದ್ಲು. ಒಂದನೇ ಕ್ಲಾಸಲ್ಲಿ ಹಾಜರಿ ಕೂಗಿದ್ರೆ ಸುಮ್ಮನೆ ಕೂತಿರೋಳು. ಮೀನಾ ಅಂದ್ರೆ ಮಾತ್ರ ತಿರುಗೋಳು.”

ಕೊನೆಗೆ ಲಿಫ್ಟ್ ಮೇಸ್ತ್ರಿ. ನಾಲ್ಕು ತಿಂಗಳ ಹಿಂದೆ ಸೇರಿದವನು. ಲಿಫ್ಟುಗಳ ರಿಪೇರಿ ಅವನ ಕಸುಬು. ಗುಂಡಿಯ ಪಕ್ಕದ ಅಂಕಿ ಫಲಕಗಳನ್ನು ಇಲ್ಲಿ ಕತ್ತರಿಸಿಕೊಳ್ಳುತ್ತಿದ್ದ. ಮೆಲುಮಾತಿನವನು. ಯಾರನ್ನು ಕಂಡರೂ ಎದ್ದು ನಿಲ್ಲುವವನು.

“ಒಂಬತ್ತೂವರೆಗೆ ಒಂದು ಫಲಕ ಕತ್ತರಿಸ್ದೆ ಅಮ್ಮ. ಆಮೇಲೆ ಹೊರಗೆ ಹೋಗಿದ್ದೆ. ಹೊಗೆ ನೋಡಿ ಓಡಿ ಬಂದೆ.”

“ಎರಡು ಬಕೆಟ್ ನೀರು ಹಾಕಿದ್ರಂತೆ. ಒಳ್ಳೇ ಕೆಲಸ.”

“ಮನುಷ್ಯರಾದ ಮೇಲೆ ಅಷ್ಟೂ ಮಾಡದಿದ್ರೆ ಹೇಗೆ?”

“ಆಸ್ಪತ್ರೆಯ ಫಾರಂ ತುಂಬಬೇಕಿತ್ತು. ಮಗಳ ಹೆಸರೇನು ಹೇಳಿ?”

“ಮೀನಾ ಅಲ್ವಾ?” ಎಂದ. “ಪಾಪ, ಮಗು ಚೆನ್ನಾಗಿದೆ ತಾನೆ?”

“ಚೆನ್ನಾಗಿದೆ.” ಲೆನ್ಸಮ್ಮ ಅವನನ್ನು ಕಳಿಸಿ ನನ್ನ ಕಡೆ ತಿರುಗಿದಳು. “ಕೀಲಿಯಪ್ಪನೋರೆ, ಫೋನಲ್ಲಿ ಏನಂದ್ರು? ಒಂದಕ್ಷರ ಬಿಡದೆ ಹೇಳಿ.”

ಆ ಮಾತು ರಾತ್ರಿಯಿಡೀ ನನ್ನ ಕಿವಿಯಲ್ಲೇ ಇತ್ತು. “‘ಸ್ಕೂಲಿಂದ ಮಾತಾಡ್ತಿದೀವಿ. ಮೀನಾ ಮೆಟ್ಟಿಲ ಮೇಲಿಂದ ಬಿದ್ದಿದಾಳೆ. ತಲೆಗೆ ಪೆಟ್ಟಾಗಿದೆ. ಅವರಮ್ಮನ್ನ ಬೇಗ ಕರೀರಿ.’ ಬೇರೆ ಯಾವುದೋ ಮಗು ಇರಬೇಕು, ತಪ್ಪಿ ಬಂದ ಫೋನು ಅಂತ ಎಲ್ಲರೂ ಅಂತಾರೆ.”

“ಗೊಂಬೆಯಕ್ಕನ ಹತ್ರ ಮೊಬೈಲ್ ಇಲ್ವಾ?”

“ಇದೆ. ಜೇಬಲ್ಲೇ ಇತ್ತು.”

“ಸ್ಕೂಲಿನವರ ಹತ್ರ ಆ ನಂಬರ್ ಇರಲ್ವಾ?”

“ಇರುತ್ತೆ” ಎಂದೆ. “ಮೊದಲು ಅದಕ್ಕೇ ಮಾಡಬೇಕಿತ್ತು.”

ಮೂರು ಗಂಟೆಗೆ ಮರಗೆಲಸದ ಕೊಠಡಿಯಲ್ಲಿ ಎಲ್ಲರೂ ಸೇರಿದರು. ಇಪ್ಪತ್ತು ಮಂದಿ. ಕೆಲವರು ಹಲಗೆಗಳ ಮೇಲೆ ಕೂತರು, ಕೆಲವರು ಗೋಡೆಗೆ ಒರಗಿ ನಿಂತರು. ಲಿಫ್ಟ್ ಮೇಸ್ತ್ರಿ ಬಾಗಿಲ ಹತ್ತಿರ ನಿಂತಿದ್ದ. ಬೋರ್ಡಣ್ಣ ಬಾಯಿ ತೆರೆಯುವ ಮುನ್ನ ಲೆನ್ಸಮ್ಮ ಎದ್ದಳು.

“ಮೊದಲು ನನ್ನ ರಿಪೇರಿ ವರದಿ ಕೇಳಿ. ಕೀಲಿಯಪ್ಪನೋರೆ, ಇಂಕ್ ಪ್ಯಾಡ್ ತಂದ್ರಾ?”

ಯಾಕೆಂದು ತಿಳಿಯದೆ ತಂದಿದ್ದೆ. ಅವಳು ಡಬ್ಬಿ ತೆರೆದು ಆ ಸುರುಳಿಯನ್ನು ಬೆರಳಿನಿಂದ ಬಿಡಿಸಿದಳು. ರಬ್ಬರಿನ ಪಟ್ಟಿ. ಇಂಕಿಗೆ ಒತ್ತಿ, ಬಿಳಿ ಕಾಗದಕ್ಕೆ ಒತ್ತಿದಳು. ಕಾಗದವನ್ನು ಮೇಷ್ಟ್ರ ಕೈಗೆ ಕೊಟ್ಟಳು.

“ಓದಿ.”

ಮೇಷ್ಟ್ರು ಕನ್ನಡಕ ಏರಿಸಿದರು. “‘…ಸಣೆ ಮುಗಿದಿದೆ.’ ಕೆಳಗೆ ‘…ರಕ್ಷಿತ’.”

“ತಪಾಸಣೆ ಮುಗಿದಿದೆ, ಸುರಕ್ಷಿತ. ಲಿಫ್ಟ್‌ಗಳನ್ನ ಪರೀಕ್ಷೆ ಮಾಡೋ ಸರ್ಕಾರಿ ಅಧಿಕಾರಿ ಒತ್ತೋ ಮೊಹರು. ಇದು ಸರಿ ಬರದೆ ಬಿಸಾಕಿದ ತುಂಡು. ಸರಿ ಬಂದದ್ದು ಬೇರೆ ಇದೆ. ಒಂದು ತಿಂಗಳಿಂದ ನಿಮ್ಮ ಲೆನ್ಸಿಗೆ ಹಿಡೀತಿದ್ದ ಕರಿ ಜಿಡ್ಡು ಏನು ಗೊತ್ತಾ? ಸುಟ್ಟ ರಬ್ಬರು.”

ಆ ಕಾಗದ ಕೈಯಿಂದ ಕೈಗೆ ಹೋಯಿತು.

“ಮೊಹರು ಕೆತ್ತಿದವನು ಸೋಮವಾರ ಹಲಗೆ ಓದಿದ. ಗುರುವಾರ ನಾನು ಮೆಮೊರಿ ತೆಗೆದ್ರೆ ಮೊಹರಿನ ಚಿತ್ರ ಕಣ್ಣಿಗೆ ಬೀಳುತ್ತೆ. ಅಳಿಸೋಕೆ ಪಾಸ್‌ವರ್ಡ್ ಬೇಕು, ಅದು ಕೀಲಿಯಪ್ಪನೋರ ಹತ್ರ ಮಾತ್ರ ಇದೆ. ಇನ್ನು ಉಳಿದದ್ದೊಂದೇ ದಾರಿ. ಮೆಮೊರಿ ಸಾಯಬೇಕು, ಯಾರಿಗೂ ಅನುಮಾನ ಬರಬಾರದು. ಬುಧವಾರ ಬೆಳಿಗ್ಗೆ ಕೋಣೆಗೆ ಬಂದ. ಗಾಳಿ ಕೊಳವೆಗೆ ತನ್ನ ಕಸದ ತುಂಡನ್ನೇ ತುರುಕಿದ. ತಟ್ಟೆಗೆ ಮರದ ಹೆರೆ ತುಂಬಿದ. ಆಮೇಲೆ ಬರೋದು ಪ್ಲೈವುಡ್ ಕತ್ತರಿಸೋ ಗೊಂಬೆಯಕ್ಕ. ಅವಳು ಪಕ್ಕದಲ್ಲೇ ಇದ್ರೆ ಮೊದಲ ಕಿಡಿಗೇ ಯಂತ್ರ ನಿಲ್ಲಿಸ್ತಾಳೆ. ಅದಕ್ಕೆ ಅವಳನ್ನ ಎಬ್ಬಿಸಬೇಕು. ಮೊಬೈಲ್‌ಗೆ ಮಾಡಿದ್ರೆ ನಿಂತಲ್ಲೇ ಮಾತಾಡ್ತಾಳೆ. ಅದಕ್ಕೇ ಕಚೇರಿ ಫೋನ್‌ಗೆ ಮಾಡ್ದ.”

“ಯಾರು?” ಬೋರ್ಡಣ್ಣ ಗುಡುಗಿದ. “ಹೆಸರು ಹೇಳಿ!”

“ನೀವೆಲ್ಲ ಕೇಳಿಯೂ ಕೇಳದ ಒಂದು ಮಾತಿದೆ. ಫೋನ್ ಮಾಡಿದವನು ಸ್ಕೂಲಿಂದ ಅಂದ, ‘ಮೀನಾ ಬಿದ್ದಿದಾಳೆ’ ಅಂದ. ಸ್ಕೂಲಿನ ರಿಜಿಸ್ಟರಲ್ಲಿ ಮೀನಾ ಅನ್ನೋ ಹುಡುಗಿ ಎಲ್ಲಿದಾಳೆ? ಮಗುವಾಗಿದ್ದಾಗ ಸ್ನಾನ ಮಾಡ್ಸೋವಾಗ ಮೀನಿನ ಹಾಗೆ ಕೈಯಿಂದ ಜಾರ್ತಿದ್ಲಂತೆ, ಅದಕ್ಕೆ ತಾಯಿ ಇಟ್ಟ ಮುದ್ದಿನ ಹೆಸರದು, ಕೀಲಿಯಪ್ಪನೋರು ಹೇಳಿದ್ರು. ಹಳಬರಿಗೆಲ್ಲ ಗೊತ್ತು. ಮೇಷ್ಟ್ರು ಹಾಜರಿ ಕೂಗಿದವರು. ಬೋರ್ಡಣ್ಣ ಫಲಕ ಮಾಡಿದವರು. ಇವರಲ್ಲಿ ಯಾರಾದ್ರೂ ಸ್ಕೂಲಿನವರ ವೇಷ ಹಾಕಿದ್ರೆ ನಿಜವಾದ ಹೆಸರೇ ಹೇಳ್ತಿದ್ರು. ಮೀನಾ ಅನ್ನೋದೇ ಪೂರ್ತಿ ಹೆಸರು ಅಂತ ನಂಬಿದವನು ಮಾತ್ರ ಹಾಗೆ ಹೇಳೋಕೆ ಸಾಧ್ಯ. ಇವತ್ತು ಬೆಳಿಗ್ಗೆ ನನ್ನೆದುರು ಹಾಗೆ ನಂಬಿದವನು ಒಬ್ಬನೇ.”

ಅವಳು ಬಾಗಿಲ ಕಡೆ ತಿರುಗಿದಳು.

“ಮೇಸ್ತ್ರಿ, ಬೆಂಕಿ ಇದ್ದದ್ದು ಯಂತ್ರದ ಮುಂದೆ. ನೀವು ಬರೋ ಹೊತ್ತಿಗೆ ಕೀಲಿಯಪ್ಪನೋರು ಅದನ್ನ ಆರಿಸಿದ್ರು. ಎರಡು ಬಕೆಟ್ ನೀರನ್ನ ಹಿಂದಿನ ಪೆಟ್ಟಿಗೆ ಮುಚ್ಚಳ ತೆಗೆದು ಒಳಗೇ ಯಾಕೆ ಸುರಿದ್ರಿ? ಅಲ್ಲಿ ಕಿಡಿಯೂ ಇರಲಿಲ್ಲ. ಇದ್ದದ್ದು ಮೆಮೊರಿ.”

ಲಿಫ್ಟ್ ಮೇಸ್ತ್ರಿ ಓಡಲಿಲ್ಲ. ಓಡಲು ಬೋರ್ಡಣ್ಣ ಬಿಡುತ್ತಲೂ ಇರಲಿಲ್ಲ. ಆಗಲೇ ಬಾಗಿಲಿಗೆ ಅಡ್ಡ ನಿಂತಿದ್ದ.

“ಅವರಿಗೆ ಏನೂ ಆಗಬಾರದು ಅಂತಲೇ ಹೊರಗೆ ಕರೆಸಿದ್ದು” ಎಂದ ಮೇಸ್ತ್ರಿ, ಅದೇ ಮೆಲುದನಿಯಲ್ಲಿ. “ವಾಪಸ್ ಓಡ್ತಾರೆ ಅಂತ ನನಗೇನು ಗೊತ್ತು?”

“ಇಲ್ಲಿ ಬೇರೆ ಎಲ್ಲರಿಗೂ ಗೊತ್ತು” ಎಂದಳು ಲೆನ್ಸಮ್ಮ. “ಎಷ್ಟು ಲಿಫ್ಟ್‌ಗೆ ಒತ್ತಿದೀರಿ ಆ ಮೊಹರು?”

“ಎಣಿಸಿಲ್ಲ. ಅಧಿಕಾರಿ ಬರೋದು ತಡ ಆಗುತ್ತೆ, ಕಟ್ಟಡದವರು ಅವಸರ ಮಾಡ್ತಾರೆ…”

“ಹಗ್ಗ ನೋಡಿದ್ರಾ? ಬ್ರೇಕು ನೋಡಿದ್ರಾ?”

ಮೇಸ್ತ್ರಿ ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ.

“ದೊಡ್ಡಾಸ್ಪತ್ರೆ ಲಿಫ್ಟ್ ಯಾರು ನೋಡ್ಕೊಳ್ಳೋದು?” ಇದನ್ನು ಕೇಳಿದವರು ಮೇಷ್ಟ್ರು.

ಮೇಸ್ತ್ರಿ ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದ. ಮೂರೂ ಮುಕ್ಕಾಲು.

ಅವನ ಚೀಲದಲ್ಲಿ ಮೊಹರು ಸಿಕ್ಕಿತು, ಅವನ ಇನ್ನೊಂದು ಮೊಬೈಲಿನಲ್ಲಿ ನಮ್ಮ ಕಚೇರಿಗೆ ಮಾಡಿದ ಕರೆಯ ಹೊತ್ತು ಸಿಕ್ಕಿತು, ಪೊಲೀಸರು ಮಾರನೆಯ ದಿನ ಇಪ್ಪತ್ತೇಳು ಕಟ್ಟಡಗಳ ಲಿಫ್ಟು ನಿಲ್ಲಿಸಿದರು. ಇದೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು. ಆ ಕ್ಷಣದಲ್ಲಿ ನಾನು ಫೋನಿನ ಹತ್ತಿರ ಓಡಿದ್ದೆ. ಆಸ್ಪತ್ರೆಯ ನಂಬರು ಬಡಿಯಿತು, ಬಡಿಯಿತು, ಯಾರೂ ಎತ್ತಲಿಲ್ಲ. ಬೋರ್ಡಣ್ಣನ ಬೈಕಿನ ಹಿಂದೆ ಹತ್ತಿದೆ.

ನಾವು ಒಳಗೆ ನುಗ್ಗಿದಾಗ ಗೊಂಬೆಯಕ್ಕನ ಸ್ಟ್ರೆಚರಿನ ಮುಂದಿನ ಚಕ್ರಗಳು ಆಗಲೇ ಲಿಫ್ಟಿನ ಒಳಗಿದ್ದವು. “ನಿಲ್ಸಿ! ಹೊರಗೆ ಎಳೀರಿ!” ಎಂದು ಬೋರ್ಡಣ್ಣ ಕೂಗಿದ ಕೂಗಿಗೆ ಇಡೀ ವರಾಂಡ ತಿರುಗಿ ನೋಡಿತು. ವಾರ್ಡಿನವರು ರೇಗಿದರು. ನಾನು ಬೆರಳು ತೋರಿಸಿದೆ. ಲಿಫ್ಟಿನ ಗೋಡೆಯ ಮೇಲೆ ಗಾಜಿನ ಹಿಂದೆ ಒಂದು ಕಾಗದ. ಅದರ ಮೂಲೆಯಲ್ಲಿ ದುಂಡನೆಯ ನೇರಳೆ ಮೊಹರು. ತಪಾಸಣೆ ಮುಗಿದಿದೆ. ಸುರಕ್ಷಿತ.

ಸ್ಟ್ರೆಚರನ್ನು ಮೆಟ್ಟಿಲ ಮೇಲೆ ಹೊತ್ತೆವು. ನಾಲ್ಕು ಮೂಲೆಗೆ ನಾಲ್ಕು ಮಂದಿ. ತಲೆಯ ಕಡೆಯ ಒಂದು ಮೂಲೆ ಬೋರ್ಡಣ್ಣನದು, ಇನ್ನೊಂದು ನನ್ನದು. ಬ್ಯಾಂಡೇಜು ಸುತ್ತಿದ ಕೈಗಳು ಎದೆಯ ಮೇಲೆ ಎರಡು ಬಿಳಿ ಉಂಡೆಗಳಂತಿದ್ದವು.

“ನಿನ್ನನ್ನ ಹೊರಗೆ ಕರೆದವನು ನಾನೇ ಅಕ್ಕ” ಎಂದೆ. ನಿನ್ನೆಯಿಂದ ಹೇಳದೆ ಇಟ್ಟುಕೊಂಡಿದ್ದ ಮಾತು. “ಗುಂಡಿ ಒತ್ತಬೇಕಿತ್ತು. ಒತ್ತಲಿಲ್ಲ.”

“ನಾನೂ ಒತ್ತಲಿಲ್ಲ ಅಣ್ಣ.” ಇಂಜೆಕ್ಷನ್ನಿನ ಮಂಪರಿನಲ್ಲಿ ಅವಳ ಕಣ್ಣು ಮುಚ್ಚಿ ಮುಚ್ಚಿ ತೆರೆಯುತ್ತಿತ್ತು. ಎರಡನೇ ಮಹಡಿಯ ತಿರುವಿನಲ್ಲಿ ಮತ್ತೆ ತೆರೆಯಿತು. “ಯಾಕೆ ಇಷ್ಟು ಕಷ್ಟ ಪಡ್ತಿದೀರಾ? ಲಿಫ್ಟ್ ಕೆಟ್ಟಿದ್ಯಾ?”

ನಾನು ಕೆಳಗೆ ನೋಡಿದೆ. ಜಾಲರಿಯ ಆಚೆ, ಲಿಫ್ಟಿನ ಕತ್ತಲ ಗುಂಡಿಯಲ್ಲಿ, ಜಿಡ್ಡುಗಟ್ಟಿದ ಉಕ್ಕಿನ ಹಗ್ಗ ಮೆಲ್ಲಗೆ ತೂಗುತ್ತಿತ್ತು.

“ಇನ್ನೂ ಇಲ್ಲ ಅಕ್ಕ” ಎಂದೆ.